ಬೇಸಿಗೆ ರಜೆಗೊಂದು ಸೊಂಟನೋವು

ಡಾಕ್ಟರಾಗೋ ಆಸೆಯಿರೋ ಹೈಸ್ಕೂಲು ಮಕ್ಕಳು ಬೇಸಿಗೆ ರಜೆಯಲ್ಲಿ ಯಾರದಾದ್ರೂ ಒಂದು ನೋವನ್ನ ಎರಡು ತಿಂಗಳು ತಾವು ಹೊರಬೇಕು, ಇಲ್ದಿದ್ರೆ ಮೆಡಿಕಲ್ ಸೀಟಿಲ್ಲ. ಜಾಣರು ಮೊದಲ ದಿನವೇ ಹಲ್ಲುನೋವು, ತಲೆನೋವು ಎಲ್ಲಾ ಬಾಚ್ಕೊಂಡು ಹೋಗಿದ್ರು. ಮುಬೀನಾ ಆಸ್ಪತ್ರೆಗೆ ಬರೋ ಹೊತ್ತಿಗೆ ಉಳಿದಿದ್ದು ಚೆನ್ನವೀರಮ್ಮನ ಸೊಂಟನೋವು ಒಂದೇ. ಅಜ್ಜಿಗೋ ಅದನ್ನ ಕೊಡೋಕೆ ಮನಸ್ಸಿಲ್ಲ.

"ಕೊಡಿ ಅಜ್ಜಿ, ನನ್ನ ಸೀಟು ಹೋಗತ್ತೆ."

"ನೋವೇ ಇಲ್ಲಾಂದ್ರೆ ಸೊಸೆ 'ಹೆಂಗಿದೀರಿ ಅತ್ತೆ' ಅಂತ ಯಾಕೆ ಕೇಳ್ತಾಳೆ? ಇಪ್ಪತ್ತು ವರ್ಷ ಈ ನೋವನ್ನ ಸಾಕಿದ್ದೀನಿ ಕಣೇ."

ಮುಬೀನಾ ತಲೆ ಕೆರ್ಕೊಂಡಳು. "ದಿನಾ ಸಂಜೆ ನಾನೇ ಬಂದು ಕೇಳ್ತೀನಿ."

ಅಜ್ಜಿ ನೋವು ಕೊಡೋ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದರು. ಮುಬೀನಾ ಸೊಂಟ ಹಿಡ್ಕೊಂಡು ಬೆಂಚಿನ ಮೇಲೆ ಕುಸಿದಳು. ಅಜ್ಜಿ ನೆಟ್ಟಗೆ ಬಾಗಿಲವರೆಗೆ ನಡೆದು, ಮನಸ್ಸು ತಡೀದೆ ತಿರುಗಿ ಬಂದರು.

"ಎಡಮಗ್ಗಲಿಗೆ ಮಲಗಬೇಡವ್ವ. ಅದಕ್ಕೆ ಆಗಿಬರಲ್ಲ."