ಉಳಿದವಳ ಜಗಳ

"ನಿಮ್ಮ ಹಾರ್ಟಿಗೆ ಏನೂ ಆಗಿಲ್ಲವ್ವಾ. ಥೈರಾಯ್ಡ್ ಹೆಚ್ಚಾಗೈತಿ, ಅಷ್ಟ" ಎಂದು ನಿಪ್ಪಾಣಿಯ ಡಾಕ್ಟರು ಹೇಳಿದಾಗ ಸಕ್ಕುಬಾಯಿ ಹೊರಳಿ ಗಂಡನ ಮುಖ ನೋಡಿದಳು. ಕೆಟ್ಟ ಸುದ್ದಿ ಕೇಳಲು ಸಿದ್ಧನಾಗಿ ಬಂದಿದ್ದ ಬೀರದೇವ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. ಈಗ ಅದನ್ನು ಮತ್ತೆ ತಲೆಗೇರಿಸಬಹುದೋ ಇಲ್ಲವೋ ಅವನಿಗೆ ತಿಳಿಯಲಿಲ್ಲ.

"ಮತ್ತ ಎದಿ ಹಿಂಗ ಡಬಡಬ ಬಡಕೊಳ್ಳೂದು? ಕೈ ನಡಗೂದು? ಉಂಡದ್ದ ಮೈಗಿ ಹತ್ತದ ಇರೂದು?" ಎಂದಳು ಸಕ್ಕುಬಾಯಿ.

"ಎಲ್ಲಾ ಅದರದ ಆಟ. ಇಲ್ಲಿ ಗಂಟಲ ಹಂತೇಕ ಒಂದ ಗ್ರಂಥಿ ಐತಿ. ಅದು ಜೋರ ಮಾಡಾಕತ್ತೈತಿ, ನಿಮ್ಮ ಎದಿ ಅದರ ಬೆನ್ನ ಹತ್ತಿ ಓಡಾಕತ್ತೈತಿ. ಗುಳಿಗಿ ತಪ್ಪಸಬ್ಯಾಡ್ರಿ. ಮುಂದಿನ ತಿಂಗಳ ಮತ್ತ ರಕ್ತ ನೋಡೂನು. ಒಮ್ಮಿಗೇ ಹೋಗೂದಿಲ್ಲ ಮತ್ತ. ಭಾಳ ದಿನಾ ಅದರ ಜೋಡಿ ಸಂಸಾರ ಮಾಡಬೇಕಾಗತೈತಿ."

"ಇವರ ಜೋಡಿ ಮಾಡೇನಲ್ರಿ ಸಾಹೇಬ್ರ, ಅದೇನ್ ಮಹಾ!"

ಬಸ್‌ಸ್ಟ್ಯಾಂಡಿನಲ್ಲಿ ವಡಾಪಾವ್ ತಿನ್ನುತ್ತ ಸಕ್ಕುಬಾಯಿಗೆ ನಗು ಶುರುವಾಯಿತು. ಆಲೂಗಡ್ಡೆ ಗಂಟಲಲ್ಲಿ ಸಿಕ್ಕಿಕೊಂಡರೂ ನಗು, ನೀರು ಕುಡಿದರೂ ನಗು. ಬೇಸಿಗೆಯ ಕೊನೆಯಿಂದ ಅವಳು ಕಣ್ಣು ಬಿಡುವ ಮೊದಲೇ ಅವಳ ಎದೆ ಎಚ್ಚರವಾಗಿ, ಟಗರು ಹಟ್ಟಿಯ ಬೇಲಿಗೆ ಗುದ್ದುವ ಹಾಗೆ ಗುದ್ದುತ್ತಿತ್ತು. ತಾನು ಹೋಗುವವಳೇ ಎಂದು ಅವಳು ಗಟ್ಟಿ ಮಾಡಿಕೊಂಡಿದ್ದಳು. ಗಂಡನೂ ಹಾಗೇ ತಿಳಿದು ದನಿ ಎತ್ತುವುದನ್ನೇ ಬಿಟ್ಟಿದ್ದ. "ಬಾಯಿ ಮುಚ್ಚಲೇ, ಮಂದಿ ನೋಡಾಕತ್ತಾರ" ಎಂದು ಅವನೀಗ ಗದರಿದ. ಎಷ್ಟೋ ದಿನಗಳ ಮೇಲೆ ಬೈಸಿಕೊಂಡ ಸಕ್ಕುಬಾಯಿ ಇನ್ನಷ್ಟು ಜೋರಾಗಿ ನಕ್ಕಳು. ಅವನೂ ತಡೆಯಲಾರದೆ ಟೋಪಿಯಲ್ಲಿ ಮುಖ ಮುಚ್ಚಿಕೊಂಡು ನಕ್ಕ.

ತಮ್ಮೂರು ಅಕ್ಕೋಳದ ಬಸ್ಸು ಹತ್ತಿ ಕೂತ ಮೇಲೆ ಬೀರದೇವನಿಗೆ ಹೊಳೆಯಿತು. "ಸಕ್ಕೂ, ನಮ್ಮ ಆಡು?"

ಸಕ್ಕುಬಾಯಿಯ ನಗು ಅಲ್ಲಿಗೆ ನಿಂತಿತು. ಬೀರದೇವನ ಅಣ್ಣನ ಹೆಂಡತಿ ಶಿವಗಂಗವ್ವನದು ಪಕ್ಕದ ಮನೆ. ಒಮ್ಮೆ ನೆಂಟರ ಎದುರು ಅವಳು ಸಕ್ಕುಬಾಯಿ ಮಾಡಿದ ಕಡಲೆಹಿಟ್ಟಿನ ಝುಣಕಾ ಬಾಯಿಗಿಟ್ಟು "ಉಪ್ಪ ಇಲ್ಲ" ಅಂದದ್ದೇ ನೆಪವಾಗಿ, ವರ್ಷಗಟ್ಟಲೆ ಇಬ್ಬರಿಗೂ ಮಾತಿರಲಿಲ್ಲ. ಹೋದ ವಾರ, ಸಾಯುವ ಮುಂಚೆ ಯಾರ ಮೇಲೂ ಸಿಟ್ಟು ಉಳಿಯಬಾರದೆಂದು ಸಕ್ಕುಬಾಯಿ ತಾನಾಗಿ ಹೋಗಿ ಅವಳ ಕೈ ಹಿಡಿದಿದ್ದಳು. ಉಪ್ಪು ಕಡಿಮೆ ಇದ್ದದ್ದು ನಿಜವೆಂದು ಒಪ್ಪಿಕೊಂಡಿದ್ದಳು. ನೆನಪಿಗಿರಲೆಂದು ಹಾಲು ಕೊಡುವ ಆಡನ್ನೂ ಅವಳ ಹಿತ್ತಲಲ್ಲಿ ಕಟ್ಟಿ ಬಂದಿದ್ದಳು.

ಬಸ್ಸಿಳಿದ ಗಂಡ ಹೆಂಡತಿ ಮನೆಗೂ ಹೋಗದೆ ನೆಟ್ಟಗೆ ತನ್ನ ಬಾಗಿಲಿಗೆ ಬಂದದ್ದನ್ನು ಕಂಡು ಶಿವಗಂಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಏನಂದ್ರಲೇ ಸಕ್ಕೂ? ಎಷ್ಟ ದಿನಾ ಅಂದ್ರ?"

"ಏನೂ ಆಗಿಲ್ಲಂತ ಯಕ್ಕಾ! ಹಾರ್ಟ್ ಚಲೋ ಐತಂತ! ನಾ ಸಾಯೂದಿಲ್ಲ!"

ಶಿವಗಂಗವ್ವ ಅವಳನ್ನು ತೆಕ್ಕೆಯಲ್ಲಿ ಹಿಡಿದು ಗಿರ್ರನೆ ತಿರುಗಿಸಿದಳು. ಕಟ್ಟೆಯ ಮೇಲಿದ್ದ ಖಾಲಿ ಕೊಡ ಉರುಳಿ ಅಂಗಳದ ತುಂಬ ಸದ್ದು ಮಾಡಿತು. ಮರುಗಳಿಗೆಯೇ ಅವಳನ್ನು ಬಿಟ್ಟು ಹಿಂದೆ ಸರಿದಳು. ಮುಖ ಕೆಂಪಾಗಿತ್ತು.

"ಹಂಗಾರ ನಾ ಅತ್ತದ್ದು? ಭಾಂಡಿ ತಿಕ್ಕುವಾಗ ಅತ್ತೇನಿ, ರೊಟ್ಟಿ ಬಡಿಯುವಾಗ ಅತ್ತೇನಿ. ಸುಳ್ಳೇ ಅಳಸಿದೆಲ್ಲಲೇ ನನ್ನ!"

"ನಾ ಅಳ ಅಂದಿದ್ನೇನು? ಮತ್ತ ಕೇಳ, ಅವತ್ತ ಝುಣಕಾದಾಗ ಉಪ್ಪ ಬರೋಬರಿ ಇತ್ತು. ಸಾಯಾಕತ್ತೇನಿ ಅಂತ ಹಂಗ ಅಂದೇನಿ. ಆ ಮಾತ ಹೊಳ್ಳಿ ತಗೊಂಡೇನಿ!"

"ಒಪ್ಪಗೊಂಡದ್ದ ಒಪ್ಪಗೊಂಡದ್ದು! ಹೊಳ್ಳಿ ತಗೊಳ್ಳೂದು ನಡಿಯೂದಿಲ್ಲ!"

"ವೈನಿ, ಆ ಆಡು..." ಎಂದು ಬೀರದೇವ ನಡುವೆ ಬಾಯಿ ಹಾಕಿದ.

"ನೀವ ಸುಮ್ಮನಿರ್ರಿ!" ಎಂದಳು ಹೆಂಡತಿ. "ನೀ ಸುಮ್ಮನಿರ ತಮ್ಮಾ!" ಎಂದಳು ಅತ್ತಿಗೆ. ಹಿತ್ತಲಲ್ಲಿ ಆಡು ಕೂಡ ಒಮ್ಮೆ ಅರಚಿತು. ಬಡಿದಾಟವೇ ಆಗುತ್ತಿದೆ ಎಂದುಕೊಂಡು ಎದುರು ಮನೆಯ ಬೇಗಂಬಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಬಂದು ನೋಡಿದರೆ ಇಬ್ಬರೂ ಬೈಯುತ್ತ ಬೈಯುತ್ತ ನಗುತ್ತಿದ್ದರು, ನಗುತ್ತ ನಗುತ್ತ ಕಣ್ಣೊರೆಸಿಕೊಳ್ಳುತ್ತಿದ್ದರು. ಬೇಗಂಬಿ ಏನೂ ಅರ್ಥವಾಗದೆ ತಾನೂ ಒಂದಿಷ್ಟು ನಕ್ಕು ಹಿಟ್ಟು ನಾದಲು ಹೋದಳು.

ಸಕ್ಕುಬಾಯಿ ಏದುತ್ತ ಹೊಸ್ತಿಲ ಮೇಲೆ ಕೂತಳು. ಶಿವಗಂಗವ್ವ ಗಾಬರಿಯಾಗಿ ಪಕ್ಕದಲ್ಲಿ ಕುಕ್ಕರಿಸಿ ಅವಳ ಎದೆಯ ಮೇಲೆ ಅಂಗೈ ಇಟ್ಟಳು. ಅಂಗೈಯ ಕೆಳಗೆ ಎದೆ ಕುಣಿಯುತ್ತಿತ್ತು.

"ಅಯ್ಯ ನಮ್ಮವ್ವಾ, ಇದು ಹಿಂಗ ಹಾರಾಕತ್ತೈತಲ! ಚಲೋ ಐತಿ ಅಂದಿ?"

"ಗುಳಿಗಿ ಇವತ್ತಿಂದ ಚಾಲೂ. ಸಾವಕಾಶ ಇಳೀತೈತಂತ. ಅಲ್ಲೀಮಟಾ ಇದು ಹಿಂಗ ಬಡಕೋತ ಇರೂದು, ನಾ ಹಿಂಗ ಕುಂದ್ರೂದು."

ಶಿವಗಂಗವ್ವ ಕೈ ತೆಗೆಯಲಿಲ್ಲ. ಹೇಳಬೇಕಾದ ಬೈಗುಳವೆಲ್ಲ ಮುಗಿದಿತ್ತು. ಕೊನೆಗೆ ಶಿವಗಂಗವ್ವನೇ ನಾಚುತ್ತ ಕೇಳಿದಳು:

"ಸಕ್ಕೂ, ಸಾಯಾಕಿ ಜೋಡಿ ಮಾತಾಡೂದ ಸಸಾರ ಇತ್ತಲೇ. ಬದಕಾಕಿ ಜೋಡಿ ದಿನಾ ಏನ್ ಮಾತಾಡೂದು?"