ಜಡ್ಜರ ಹಗುರ ಚೀಲ

“ಎತ್ತಿ ನೋಡಿ ಸಾರ್, ಹೆಗಲ ಮೇಲೆ ಏನೋ ಇದೆ ಅಂತಾನೇ ಗೊತ್ತಾಗಲ್ಲ,” ಎನ್ನುತ್ತ ಅಂಗಡಿಯ ಹುಡುಗಿ ಗಾಲ್ಫ್ ಚೀಲವನ್ನು ಎರಡೇ ಬೆರಳಲ್ಲಿ ಎತ್ತಿ ತೋರಿಸಿದಳು. ನಿವೃತ್ತ ಜಡ್ಜರು ಎರಡೂ ಪಟ್ಟಿಗಳಲ್ಲಿ ತೋಳು ತೂರಿಸಿ ಅದನ್ನು ಬೆನ್ನಿಗೇರಿಸಿಕೊಂಡರು. ಮೊದಲ ದಿನ ಶಾಲೆಗೆ ಹೊರಟವರಂತೆ ಕನ್ನಡಿಯ ಮುಂದೆ ನಿಂತು, “ಹೇಗಿದೆಯಯ್ಯಾ ಹದ್ದು?” ಎಂದರು.

ಹದ್ದು ಎಂದರೆ ಅವರ ಚೀಲ ಹೊರುವವನು. ಹತ್ತೊಂಬತ್ತು ವರ್ಷದಿಂದ ಅವರ ಹಿಂದೆ ಮೈದಾನ ಸುತ್ತಿದವನು. ಎಷ್ಟು ದೂರ ಹಾರಿದ ಚೆಂಡೂ ಅವನ ಕಣ್ಣು ತಪ್ಪಿಸುವುದಿಲ್ಲವೆಂದು ಜೊತೆಯವರು ಇಟ್ಟ ಹೆಸರು ಅದು. ಈಗ ಹೆಂಡತಿಯೂ ಹಾಗೇ ಕರೆಯುತ್ತಾಳೆ. “ಚೆನ್ನಾಗಿದೆ ಸಾರ್,” ಎಂದವನು ಕಾಲು ಬದಲಿಸಿದ. ಬಂದಾಗಿನಿಂದ ಅವನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಸರಿಯಾಗಿಯೇ ಇದ್ದ ಕೈಗವಸುಗಳನ್ನು ಸರಿಮಾಡಿದ, ಬಾಗಿಲವರೆಗೆ ಹೋಗಿ ಬಂದ, ಯಾವುದೋ ಟೋಪಿಯ ಒಳಗೆ ಇಣುಕಿದ.

“ನಾಳೆಯಿಂದ ನನ್ನ ಚೀಲ ನಾನೇ ಹೊರ್ತೀನಿ. ಒಬ್ಬನೇ ನಡೀತೀನಿ,” ಎಂದು ಜಡ್ಜರು ಬರುವಾಗ ಕಾರಿನಲ್ಲಿ ಹೇಳಿದ್ದರು. ಕೂಲಿಯ ಚಿಂತೆಯೇನೂ ಅವನಿಗಿರಲಿಲ್ಲ. ಮೈದಾನದಲ್ಲಿ ಅವನನ್ನು ಕೂಗಿ ಕರೆಯುವವರು ಹತ್ತು ಮಂದಿ ಇದ್ದರು. ಅವನ ಹೆದರಿಕೆಯೇ ಬೇರೆ. ಎರಡು ವರ್ಷದಿಂದ ಜಡ್ಜರ ಕಣ್ಣು ಮಂಜಾಗಿತ್ತು. ಹತ್ತು ಹೆಜ್ಜೆಯಾಚೆ ಚೆಂಡು ಅವರಿಗೆ ಕಾಣುತ್ತಿರಲಿಲ್ಲ. ಒಂದು ದಿನ ಅವರು ಹೊಡೆದ ಚೆಂಡು ಸೀದಾ ಕೆರೆಗೆ ಬಿದ್ದಾಗ, ಆಸೆಯಿಂದ ತನ್ನತ್ತ ತಿರುಗಿದ ಆ ಮುಖ ನೋಡಲಾರದೆ ಹದ್ದು, “ಹುಲ್ಲಿನ ನಡುಮಧ್ಯೆ ಕೂತಿದೆ ಸಾರ್,” ಎಂದುಬಿಟ್ಟಿದ್ದ. ಮುಂದೆ ಓಡಿ, ಅಂಥದ್ದೇ ಇನ್ನೊಂದು ಚೆಂಡನ್ನು ಪ್ಯಾಂಟಿನ ಹರಿದ ಜೇಬಿನಿಂದ ಕಾಲಗುಂಟ ಜಾರಿಸಿ ಹುಲ್ಲಿನ ಮೇಲೆ ಬಿಟ್ಟಿದ್ದ.

ಅಂದಿನಿಂದ ಅದೇ ರೂಢಿಯಾಯಿತು. ಕೆರೆಗೆ ಬಿದ್ದದ್ದು, ಪೊದೆ ಸೇರಿದ್ದು, ಬೇಲಿಯಾಚೆ ಹಾರಿದ್ದು ಎಲ್ಲವೂ ಹಸಿರಿನ ಮೇಲೇ ಸಿಗುತ್ತಿದ್ದವು. ಏರಿತು, ಬಾಗಿತು, ಇಳಿಯಿತು ಎಂದು ಅವನು ಪದ್ಯ ಓದಿದಂತೆ ಹೇಳುವುದು, ಅವರು ಕಣ್ಣು ಮುಚ್ಚಿ ತಲೆದೂಗುವುದು. ಹೆಂಡತಿ ಆ ಜೇಬು ಹೊಲಿಯಲು ಸೂಜಿ ಹಿಡಿದಳೆಂದರೆ ಹದ್ದು ಹಾವಿನಂತೆ ಬುಸುಗುಟ್ಟುತ್ತಿದ್ದ. ಇನ್ನು ಇವರು ಒಬ್ಬರೇ ನಡೆದರೆ? ಮೊದಲ ಹೊಡೆತಕ್ಕೇ ಎಲ್ಲ ಬಯಲು.

“ಕಾಲು ಸಣಕಲು ಅಲ್ವಾ ತಾಯಿ ಇದರದ್ದು? ಗಾಳಿ ಬೀಸಿದ್ರೆ ಅಂಗಾತ ಬೀಳುತ್ತೆ,” ಎಂದು ಹದ್ದು ಚೀಲಕ್ಕೆ ಮಡಚಿ ಅಂಟಿದ್ದ ಎರಡು ಊರುಗಾಲುಗಳನ್ನು ಮುಟ್ಟಿ ಕೊಂಕು ತೆಗೆದ.

“ಇಲ್ಲ ಅಣ್ಣಾ. ನೆಲಕ್ಕಿಟ್ಟ ತಕ್ಷಣ ತಾನೇ ಕಾಲೂರಿ ನಿಲ್ಲುತ್ತೆ.”

“ಬಟ್ಟೆ ತೆಳು. ಮಳೆ ಬಂದ್ರೆ?”

“ಹನಿ ನೀರು ಒಳಗೆ ಹೋಗಲ್ಲ. ಹದಿನಾಲ್ಕು ಕೋಲೂ ಬೆಚ್ಚಗಿರ್ತವೆ.”

“ತೂಕ ಇಳಿದಷ್ಟೂ ರೇಟು ಏರ್ಸಿದೀರಲ್ಲ, ಇದ್ಯಾವ ನ್ಯಾಯ?”

“ನ್ಯಾಯದ ಮಾತು ನನಗೆ ಬಿಡು,” ಎಂದರು ಜಡ್ಜರು. ಚೀಲದ ಮೈ ಸವರುತ್ತ ಅವರ ಕೈ ಒಂದು ಜೇಬಿನ ಬಳಿ ನಿಂತಿತು. “ಚೆಂಡಿಗೆ ಇದೇನಾ ಮಗೂ? ಎಷ್ಟು ಹಿಡಿಯುತ್ತೆ?”

“ಆರು ಆರಾಮಾಗಿ ಸಾರ್.”

“ಸಾಲದು. ಎರಡು ಡಜನ್ ಹಿಡಿಯೋದು ಕೊಡು.”

ಹದ್ದಿಗೆ ತಡೆಯಲಾಗಲಿಲ್ಲ. “ಅಷ್ಟ್ಯಾಕೆ ಸಾರ್? ಎರಡು ವರ್ಷದಿಂದ ಒಂದೇ ಒಂದು ಚೆಂಡು ಕಳೆದಿಲ್ಲ ನೀವು!”

“ಅದೇ ಕಣಯ್ಯಾ,” ಎಂದರು ಜಡ್ಜರು, ಕನ್ನಡಿಯ ಕಡೆಗೇ ಮುಖ ಮಾಡಿ. “ಕಣ್ಣು ಚೆನ್ನಾಗಿದ್ದಾಗ ವಾರಕ್ಕೆ ನಾಲ್ಕು ಕಳೀತಿದ್ದೆ.”

ಹದ್ದಿನ ಕೈ ತಾನಾಗಿ ಹರಿದ ಜೇಬನ್ನು ಮುಚ್ಚಿಕೊಂಡಿತು. ಹುಡುಗಿಗೆ ಇದೊಂದೂ ತಿಳಿಯಲಿಲ್ಲ. ಮಾರಾಟ ಕೈತಪ್ಪುತ್ತಿದೆ ಎಂದುಕೊಂಡವಳು ಜಡ್ಜರನ್ನು ಅಂಗಡಿಯ ಹಿಂಬದಿಗೆ ಕರೆದೊಯ್ದಳು. ಅಲ್ಲಿ ಉದ್ದಕ್ಕೆ ಹಸಿರು ಹಾಸು, ಅದರ ಆ ತುದಿಯಲ್ಲಿ ತಟ್ಟೆಯಗಲದ ಬಿಳಿಯ ವೃತ್ತ. “ಚೀಲ ಬೆನ್ನಲ್ಲೇ ಇರಲಿ ಸಾರ್, ಒಂದು ಹೊಡೆದು ನೋಡಿ. ಎಷ್ಟು ಸಲೀಸು ಅಂತ ನಿಮಗೇ ಗೊತ್ತಾಗುತ್ತೆ,” ಎಂದು ಕೋಲು ಕೈಗಿಟ್ಟಳು. ಜಡ್ಜರು ಬಾಗಿದರು, ಉಸಿರು ಹಿಡಿದರು, ಹೊಡೆದರು.

“ವಾಹ್! ಸರಿಯಾಗಿ ನಡುವಿಗೇ ಸಾರ್!” ಚೆಂಡು ಇನ್ನೂ ಉರುಳುತ್ತಿರುವಾಗಲೇ ಹುಡುಗಿ ಚಪ್ಪಾಳೆ ತಟ್ಟಿದಳು.

ಹದ್ದು ಬೆಚ್ಚಿದ. ಅದು ಅವನದೇ ಮಾತು, ಅದೇ ಸಕ್ಕರೆ, ಅದೇ ಅವಸರ. ಹೊರಗಿನಿಂದ ಕೇಳಿದರೆ ಹೀಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ಜಡ್ಜರು ನಗಲಿಲ್ಲ. ಕೋಲಿನ ಮೇಲೆ ಎರಡೂ ಕೈಯೂರಿ, ತಲೆ ಒಂದಿಷ್ಟು ವಾಲಿಸಿ ಕಾದರು. “ಹದ್ದು, ನೀನು ಹೇಳು.”

“ನಡುವಿಗೇ ಸಾರ್” ಎಂಬುದು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಹದ್ದು ಅದನ್ನು ನುಂಗಿದ. “ಇಲ್ಲ ಸಾರ್. ಮೊಳದಷ್ಟು ಎಡಕ್ಕೆ ಹೋಯ್ತು. ಶೂ ಕಪಾಟಿನ ಕೆಳಗೆ ಸೇರ್ಕೊಂಡಿದೆ.”

ಹುಡುಗಿ ಅವನನ್ನು ನುಂಗುವಂತೆ ನೋಡಿದಳು. ಜಡ್ಜರ ಮುಖ ಮೆಲ್ಲಗೆ ಅರಳತೊಡಗಿತು.

“ಮೊಳ ಎಡಕ್ಕೆ!” ಎಂದರು. “ಕೇಳಿದ್ಯಾ ಮಗೂ? ಎರಡು ವರ್ಷದ ಮೇಲೆ ಇವತ್ತು ಒಂದು ಹೊಡೆತ ನಾನೇ ಹೊಡೆದೆ.”