ಮೇಜಿನ ಮೇಲಿನ ಕತ್ತರಿ

"ಅಕ್ಕ, ಕತ್ತರಿ ಕೊಡ್ತೀರಾ?" ಎಂದು ಹೊಸ ಕೆಲಸಗಾರ ಕೈ ಚಾಚಿದಾಗ, ಹೊಲಿಗೆ ಅಂಗಡಿಯ ಒಡತಿ ಕತ್ತರಿಯನ್ನು ಮೇಜಿನ ಮೇಲಿಟ್ಟು ಅಳತೆಕೋಲಿನಿಂದ ಅವನತ್ತ ತಳ್ಳಿದಳು. ತಳ್ಳಿದ ಮೇಲೇ ತಾನೇನು ಮಾಡಿದೆನೆಂದು ಅವಳಿಗೆ ಹೊಳೆದದ್ದು. ಕೊಲೆ ಆರೋಪ ಹೊತ್ತು ಜಾಮೀನಿನ ಮೇಲೆ ಹೊರಬಂದ ಇವನಿಗಾಗಿ ಅವಳು ಗಂಡನೊಡನೆ ಜಗಳವಾಡಿದ್ದಳು. "ಅವನೇನು ಹುಲಿಯಾ, ಕರಡಿಯಾ? ನಮ್ಮ ಹಾಗೇ ಹೊಟ್ಟೆಗೆ ಅನ್ನ ತಿನ್ನೋ ಮನುಷ್ಯ" ಎಂದು ಗಿರಾಕಿಗಳ ಬಾಯಿ ಮುಚ್ಚಿಸಿದ್ದಳು.

ಅವನ ಮುಖದಲ್ಲಿ ಬೇಸರವೇ ಇರಲಿಲ್ಲ. ಅದೇ ಅವಳನ್ನು ಚುಚ್ಚಿತು. ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡು, ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಗೋಡೆಗೆ ಸರಿದು ನಿಂತ. "ಜೈಲಿನ ಹೊಲಿಗೆ ಕೋಣೇಲೂ ಹೀಗೇ ಅಕ್ಕ. ಅವರು ಕತ್ತರಿ ಇಟ್ಟು ದೂರ ಹೋಗೋವರೆಗೂ ನಾವು ಗೋಡೆ ಹತ್ರ ನಿಲ್ಬೇಕು" ಎಂದ, ಅವಳಿಗೇ ಸಮಾಧಾನ ಹೇಳುವವನಂತೆ.

ಅವಳಿಗೆ ಮುಖ ಎತ್ತಲಾಗಲಿಲ್ಲ. ಕತ್ತರಿಯನ್ನು ಎತ್ತಿಕೊಂಡು, ಮೇಜು ಬಳಸಿ ಅವನೆದುರು ಹೋಗಿ, ಹಿಡಿಯನ್ನು ಅವನತ್ತ ಮಾಡಿ ಚಾಚಿದಳು. "ತಗೊಳಪ್ಪ, ನನ್ನ ಕೈಯಿಂದಲೇ ತಗೋ. ಇದು ಜೈಲಲ್ಲ."

ಅವನು ಬೆನ್ನ ಹಿಂದಿನ ಕೈ ಬಿಚ್ಚಲಿಲ್ಲ. ಕತ್ತರಿಯನ್ನೇ ನೋಡುತ್ತಾ ಮೆಲ್ಲಗೆ ಹೇಳಿದ: "ಮೇಜಿನ ಮೇಲೇ ಇಡಿ ಅಕ್ಕ. ನಿಮ್ಮ ಕೈ ನಡುಗ್ತಿದೆ."